ಮೈಸೂರಿನಿಂದ ಗಾಲ್ಫ್ ಪ್ರವಾಸ: ನಿಯಮದ ಜಗಳವನ್ನು ಮನೆಯಲ್ಲೇ ಮುಗಿಸಿ ಹೊರಡಿ

ನಾಲ್ಕು ಜನ ಗೆಳೆಯರು ಸೇರಿ ಊಟಿಗೋ ಕೊಡಗಿಗೋ ಗಾಲ್ಫ್ ಆಡಲು ಹೊರಡುತ್ತಾರೆ. ರೂಮು, ಕಾರು, ಊಟ ಎಲ್ಲದರ ಬಗ್ಗೆ ವಾರಗಟ್ಟಲೆ ಮಾತಾಡಿರುತ್ತಾರೆ. ಎರಡನೇ ದಿನ ಒಬ್ಬರ ಬಾಲ್ ಕೆರೆ ಕಡೆ ಹೋಗುತ್ತದೆ. ಒಬ್ಬರು "ಇಲ್ಲೇ ಡ್ರಾಪ್ ಮಾಡಿ ಸರ್", ಅಂದರೆ ಕೈಯಿಂದ ಬಾಲ್ ಕೆಳಗೆ ಬಿಟ್ಟು ಇಲ್ಲಿಂದಲೇ ಆಡಿ, ಅನ್ನುತ್ತಾರೆ. ಇನ್ನೊಬ್ಬರು "ಇಲ್ಲ ಇಲ್ಲ, ವಾಪಸ್ ಟೀಗೆ ಹೋಗ್ಬೇಕು", ಅಂದರೆ ಮೊದಲ ಹೊಡೆತ ಆಡಿದ ಜಾಗಕ್ಕೆ, ಅನ್ನುತ್ತಾರೆ. ಹಿಂದಿನ ಗುಂಪು ಕಾಯುತ್ತಾ ನಿಲ್ಲುತ್ತದೆ. ಮಿಕ್ಕ ಹೋಲ್‌ಗಳಲ್ಲಿ ಯಾರೂ ಸರಿಯಾಗಿ ಮಾತಾಡುವುದಿಲ್ಲ.

ಇದನ್ನು ತಪ್ಪಿಸಬಹುದು. ಪ್ರವಾಸದ ತಯಾರಿ ಅಂದರೆ ಅರ್ಧ ಭಾಗ ನಿಯಮದ ತಯಾರಿ ಅನ್ನುವುದು ನನ್ನ ಅಭಿಪ್ರಾಯ. ಗೊತ್ತಿಲ್ಲದ ಮೈದಾನದಲ್ಲಿ ಅನುಮಾನ ಬರುವುದು ಸಹಜ. ಅನುಮಾನ ಬಂದಾಗ ಏನು ಮಾಡಬೇಕು ಅಂತ ಮೊದಲೇ ಒಪ್ಪಿಕೊಂಡಿದ್ದರೆ ಆಟವೂ ಉಳಿಯುತ್ತದೆ, ಸ್ನೇಹವೂ ಉಳಿಯುತ್ತದೆ. ಮೈಸೂರು, ಮಂಡ್ಯ ಕಡೆಯಿಂದ ಹೊರಡುವವರಿಗಾಗಿ ಈ ಕ್ರಮ ಬರೆದಿದ್ದೇನೆ.

ಮೊದಲು ಆಟದ ಬಗೆ ಗೊತ್ತುಮಾಡಿ

ಊರು ಆರಿಸುವ ಮೊದಲೇ ಇದು ಆಗಬೇಕು. ಮ್ಯಾಚ್ ಪ್ಲೇ (ಹೋಲ್ ಹೋಲ್‌ಗೂ ಯಾರು ಗೆದ್ದರು ಅನ್ನುವ ಲೆಕ್ಕ) ಆಡುತ್ತೀರಾ, ಸ್ಟ್ರೋಕ್ ಪ್ಲೇ (ಒಟ್ಟು ಎಷ್ಟು ಸ್ಟ್ರೋಕ್, ಅಂದರೆ ಹೊಡೆತ, ಅನ್ನುವ ಲೆಕ್ಕ) ಆಡುತ್ತೀರಾ ಅನ್ನುವುದರ ಮೇಲೆ ನಿಯಮವೇ ಬದಲಾಗುತ್ತದೆ. ಮ್ಯಾಚ್ ಪ್ಲೇನಲ್ಲಿ ಎದುರಾಳಿಯ ಚಿಕ್ಕ ಪಟ್ (ತೂತಿನ ಹತ್ತಿರದ ಮೆಲ್ಲನೆ ಹೊಡೆತ) ಅನ್ನು "ಆಯ್ತು, ಎತ್ಕೊಳ್ಳಿ" ಅಂತ ಬಿಟ್ಟುಕೊಡಬಹುದು. ಸ್ಟ್ರೋಕ್ ಪ್ಲೇನಲ್ಲಿ ಹಾಗೆ ಬಿಟ್ಟುಕೊಡುವ ಮಾತೇ ಇಲ್ಲ, ಬಾಲ್ ತೂತಿಗೆ ಬೀಳಲೇಬೇಕು. ಹೀಗೆ ಬಿಟ್ಟುಕೊಡುವ ಭಾನುವಾರದ ಗಿಮ್ಮಿ ಅಭ್ಯಾಸವನ್ನು ಸ್ಕೋರ್ ಕಾರ್ಡ್ ಕೊಡುವ ಆಟಕ್ಕೆ ತರಬೇಡಿ. ಎಲ್ಲರೂ ಸೇರಿ ಒಂದು ನಿಯಮವನ್ನು ಬಿಟ್ಟುಬಿಡೋಣ ಅಂತ ಮಾತಾಡಿಕೊಂಡರೆ, ಆ ಮಾತಿಗೇ ಡಿಸ್‌ಕ್ವಾಲಿಫಿಕೇಷನ್ ಇದೆ.

ಗೆಳೆಯರ ಪ್ರವಾಸಕ್ಕೆ ಸ್ಟೇಬಲ್‌ಫೋರ್ಡ್, ಅಂದರೆ ಹೋಲ್ ಹೋಲ್‌ಗೂ ಪಾಯಿಂಟ್ ಕೊಡುವ ಬಗೆ, ಒಳ್ಳೆಯದು. ಹ್ಯಾಂಡಿಕ್ಯಾಪ್ (ಆಟಗಾರರ ಮಟ್ಟ ನೋಡಿ ಕೊಡುವ ರಿಯಾಯಿತಿ ಸ್ಟ್ರೋಕ್) ಕಳೆದ ಮೇಲೆ ಪಾರ್ (ಆ ಹೋಲ್‌ಗೆ ಗೊತ್ತುಮಾಡಿದ ಸ್ಟ್ರೋಕ್ ಸಂಖ್ಯೆ) ಬಂದರೆ 2 ಪಾಯಿಂಟ್, ಒಂದು ಹೆಚ್ಚಾದರೆ 1, ಒಂದು ಕಡಿಮೆಯಾದರೆ 3. ಎರಡು ಅಥವಾ ಅದಕ್ಕಿಂತ ಜಾಸ್ತಿ ಹೆಚ್ಚಾದರೆ ಸೊನ್ನೆ. ಸೊನ್ನೆ ಅಂತ ಗೊತ್ತಾದ ಕೂಡಲೇ ಬಾಲ್ ಎತ್ತಿಕೊಂಡು ಮುಂದೆ ನಡೆಯಬಹುದು. ಹೊಸ ಮೈದಾನದಲ್ಲಿ ಒಂದು ಕೆಟ್ಟ ಹೋಲ್ ಇಡೀ ದಿನವನ್ನು ನುಂಗುವುದಿಲ್ಲ.

ಹ್ಯಾಂಡಿಕ್ಯಾಪ್ ಲೆಕ್ಕವನ್ನೂ ಆಗಲೇ ಮಾಡಿಕೊಳ್ಳಿ. ನಿಮ್ಮ ಹ್ಯಾಂಡಿಕ್ಯಾಪ್ ಇಂಡೆಕ್ಸ್ 18 ಇದೆ ಅಂದರೆ ಎಲ್ಲ ಕಡೆ 18 ಸ್ಟ್ರೋಕ್ ಸಿಗುತ್ತದೆ ಅಂತಲ್ಲ. ಇಂಡೆಕ್ಸನ್ನು ಆ ಮೈದಾನದ ಸ್ಲೋಪ್‌ನಿಂದ (ಸಾಧಾರಣ ಆಟಗಾರರಿಗೆ ಎಷ್ಟು ಕಷ್ಟ ಅನ್ನುವ ಅಂಕಿ) ಗುಣಿಸಿ, 113ರಿಂದ ಭಾಗಿಸಿ, ಅದಕ್ಕೆ ಕೋರ್ಸ್ ರೇಟಿಂಗ್‌ನಿಂದ (ಹ್ಯಾಂಡಿಕ್ಯಾಪ್ ಇಲ್ಲದ ಒಳ್ಳೆಯ ಆಟಗಾರರ ನಿರೀಕ್ಷಿತ ಸ್ಕೋರ್) ಪಾರ್ ಕಳೆದು ಬಂದದ್ದನ್ನು ಸೇರಿಸಬೇಕು, ರೇಟಿಂಗ್ ಪಾರ್‌ಗಿಂತ ಕಡಿಮೆ ಇದ್ದರೆ ಆ ವ್ಯತ್ಯಾಸ ಕಳೆಯಬೇಕು. ಉದಾಹರಣೆಗೆ ಸ್ಲೋಪ್ 126, ರೇಟಿಂಗ್ 71.2, ಪಾರ್ 72 ಇದ್ದರೆ 18 ಇಂಡೆಕ್ಸಿನವರಿಗೆ ಅಲ್ಲಿ 19 ಬರುತ್ತದೆ. ಸ್ಲೋಪ್, ರೇಟಿಂಗ್ ಎರಡೂ ಟೀ ಟೀಗೂ ಬೇರೆ. ಯಾವ ಟೀಯಿಂದ ಆಡುತ್ತೀರಿ ಅಂತ ಅಲ್ಲಿ ಹೋಗಿ ನಿಂತು ಚರ್ಚೆ ಮಾಡಬೇಡಿ.

ಎಲ್ಲಿಗೆ, ಯಾವಾಗ

ನಮ್ಮ ಮನೆ ಮೈದಾನ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್. ಚಾಮುಂಡಿ ಬೆಟ್ಟ ಕಣ್ಣೆದುರೇ ಇರುತ್ತದೆ, ಪಕ್ಕದಲ್ಲೇ ರೇಸ್ ಕೋರ್ಸ್. ಮಂಡ್ಯದವರಿಗೆ ಸುಮಾರು 45 ಕಿಲೋಮೀಟರ್. ಹೊರ ಊರಿನ ಗೆಳೆಯರನ್ನು ಇಲ್ಲಿಗೆ ಕರೆಸುವುದಾದರೆ ದಸರಾ ದಿನಗಳನ್ನು ಬಿಡಿ, ರೂಮು ಸಿಗುವುದೇ ಕಷ್ಟ. ರೇಸ್ ಇರುವ ದಿನ ಆಟ ಇದೆಯೋ, ಎಷ್ಟು ಹೊತ್ತಿನವರೆಗೆ ಇದೆಯೋ ಅಂತ ಕ್ಲಬ್ಬಿಗೆ ಮೊದಲೇ ಫೋನ್ ಮಾಡಿ ಕೇಳಿ.

ಬೆಂಗಳೂರಿಗೆ ಹೋಗುವುದಾದರೆ ಹೈಗ್ರೌಂಡ್ಸ್‌ನಲ್ಲಿ 1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್ ಇದೆ, ಚಲ್ಲಘಟ್ಟದಲ್ಲಿ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಇದೆ. ಎಕ್ಸ್‌ಪ್ರೆಸ್‌ವೇ ನಂಬಿ ಬೆಳಿಗ್ಗೆ 7ರ ಟೀ ಟೈಮ್ (ಆಟ ಶುರುಮಾಡಲು ಕಾದಿರಿಸಿದ ಹೊತ್ತು) ತೆಗೆದುಕೊಳ್ಳಬೇಡಿ. ಊರು ಮುಟ್ಟುವುದು ಬೇಗ ಆಗುತ್ತದೆ, ಊರೊಳಗೆ ದಾಟುವುದೇ ತಡ. ಹಿಂದಿನ ರಾತ್ರಿ ಹೋಗಿ ಉಳಿಯುವುದೇ ವಾಸಿ.

ಕೊಡಗಿನಲ್ಲಿ ಎರಡು ಹೆಸರು ಎಲ್ಲರಿಗೂ ಗೊತ್ತು. ವಿರಾಜಪೇಟೆ ಹತ್ತಿರ ಬಿಟ್ಟಂಗಾಲದ ಕೂರ್ಗ್ ಗಾಲ್ಫ್ ಲಿಂಕ್ಸ್, ಮಡಿಕೇರಿಯ ಮರ್ಕೆರಾ ಡೌನ್ಸ್. ಮೊದಲನೆಯದಕ್ಕೆ ಹುಣಸೂರು, ಗೋಣಿಕೊಪ್ಪ ದಾರಿ. ಎರಡನೆಯದಕ್ಕೆ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ ದಾಟಿ ಸುಮಾರು 120 ಕಿಲೋಮೀಟರ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮಳೆ ಬಿಡುವುದಿಲ್ಲ, ಹುಲ್ಲಿನಲ್ಲಿ ಜಿಗಣೆಯ ಕಾಟ ಬೇರೆ. ನವೆಂಬರ್‌ನಿಂದ ಫೆಬ್ರವರಿ ಹೇಳಿ ಮಾಡಿಸಿದ ಕಾಲ.

ಊಟಿಗೆ ಸ್ವಲ್ಪ ಜಾಸ್ತಿ ತಯಾರಿ ಬೇಕು. ನೀಲಗಿರಿ ಜಿಲ್ಲೆಗೆ ಹೋಗುವ ಹೊರಗಿನ ಗಾಡಿಗಳಿಗೆ 2024ರ ಮೇ ತಿಂಗಳಿಂದ ಇ-ಪಾಸ್ ಬೇಕಾಗಿದೆ, ಅದನ್ನು ಮನೆಯಲ್ಲೇ ಮಾಡಿಸಿಕೊಳ್ಳಿ. ಬಂಡೀಪುರದ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಮಸಿನಗುಡಿ ಮೇಲಿನ ಕಲ್ಹಟ್ಟಿ ಘಾಟಿನಲ್ಲಿ 36 ಹೇರ್‌ಪಿನ್ ತಿರುವುಗಳಿವೆ, ಬಹಳ ಕಡಿದು. ದೂರ ಜಾಸ್ತಿಯಾದರೂ ಗೂಡಲೂರು ದಾರಿಯನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳಿ. ಊಟಿ ಸುಮಾರು 2,240 ಮೀಟರ್ ಎತ್ತರದಲ್ಲಿದೆ, ಮೈಸೂರು ಸುಮಾರು 770. ಗಾಳಿ ತೆಳು, ಅದಕ್ಕೇ ಬಾಲ್ ದೂರ ಹಾರುತ್ತದೆ. ಆದರೆ ಬೆಳಗಿನ ಚಳಿ ಆ ಲಾಭವನ್ನು ಒಂದಿಷ್ಟು ತಿಂದುಬಿಡುತ್ತದೆ. ಮೊದಲ ಮೂರ್ನಾಲ್ಕು ಹೋಲ್‌ಗಳಲ್ಲಿ ಯಾವ ಕ್ಲಬ್‌ನಲ್ಲಿ (ಹೊಡೆಯುವ ಕೋಲಿನಲ್ಲಿ) ಬಾಲ್ ಎಷ್ಟು ದೂರ ಹೋಗುತ್ತಿದೆ ನೋಡಿಕೊಂಡು, ಆಮೇಲೆ ನಿಮ್ಮ ಲೆಕ್ಕ ಬದಲಿಸಿ.

ಟೀ ಟೈಮ್ ಕೇಳುವಾಗ ನಿಮ್ಮ ಕ್ಲಬ್ಬಿಗೂ ಅವರಿಗೂ ಒಪ್ಪಂದ ಇದೆಯೇ, ಸದಸ್ಯರ ಪರಿಚಯ ಪತ್ರ ಬೇಕೇ, ಹ್ಯಾಂಡಿಕ್ಯಾಪ್ ಸರ್ಟಿಫಿಕೇಟ್ ತರಬೇಕೇ ಅಂತ ಕೇಳಿ. ಅನೇಕ ಕಡೆ ಶನಿವಾರ, ಭಾನುವಾರದ ಬೆಳಗಿನ ಹೊತ್ತು ಸದಸ್ಯರಿಗೇ ಮೀಸಲು. ವಾರದಲ್ಲಿ ಒಂದು ದಿನ ಮೈದಾನದ ಕೆಲಸಕ್ಕೆ ರಜೆ ಇರುವುದೂ ಉಂಟು. ನಾಲ್ಕು ಜನರ 18 ಹೋಲ್‌ಗೆ ನಾಲ್ಕೂವರೆ ಗಂಟೆ ಹಿಡಿಯಿರಿ.

ಲೋಕಲ್ ರೂಲ್ಸ್ ಚೀಟಿ ತರಿಸಿಕೊಳ್ಳಿ

ಬುಕಿಂಗ್ ಆದ ದಿನವೇ ಸ್ಕೋರ್ ಕಾರ್ಡಿನ ಎರಡೂ ಬದಿಯ ಫೋಟೊ ಕಳಿಸಿ ಅಂತ ಕ್ಲಬ್ಬಿಗೆ ಕೇಳಿ. ಹಿಂಬದಿಯಲ್ಲಿ ಅಲ್ಲಿನ ಲೋಕಲ್ ರೂಲ್ಸ್ ಇರುತ್ತವೆ. ನಾನು ಎಲ್ಲಕ್ಕಿಂತ ಒತ್ತಿ ಹೇಳುವುದು ಇದನ್ನೇ. ಎಂಥ ಅನುಭವಿ ಆಟಗಾರರಿಗೂ ಆ ಚೀಟಿ ಓದದೆ ಉತ್ತರ ಕೊಡಲು ಆಗದ ಪ್ರಶ್ನೆಗಳಿವೆ.

ಬೇಲಿಯ ವಿಷಯ ನೋಡಿ. ಮೈದಾನದ ಗಡಿಯನ್ನು ತೋರಿಸುವ ಬೇಲಿಯಾದರೆ ಅದರಿಂದ ಪುಕ್ಕಟೆ ರಿಲೀಫ್ ಇಲ್ಲ, ಅಂದರೆ ಪೆನಾಲ್ಟಿ (ದಂಡದ ಸ್ಟ್ರೋಕ್) ಇಲ್ಲದೆ ಬಾಲನ್ನು ಬೇರೆ ಕಡೆಗೆ ತಂದು ಆಡುವಂತಿಲ್ಲ. ಬೇಲಿ ಸ್ವಿಂಗಿಗೆ ಅಡ್ಡ ಬಂದರೂ ಹಾಗೇ ಆಡಬೇಕು, ಇಲ್ಲ ಒಂದು ಪೆನಾಲ್ಟಿ ತೆಗೆದುಕೊಂಡು ಹೊರಗೆ ಬರಬೇಕು. ಅದೇ ಬೇಲಿ ಮೈದಾನದ ಒಳಗೆ ಸುಮ್ಮನೆ ಕಟ್ಟಿದ ಒಂದು ಅಡ್ಡಿಯಾದರೆ ಪುಕ್ಕಟೆ ರಿಲೀಫ್ ಇದೆ. ಎರಡೂ ನೋಡಲು ಒಂದೇ ತರಹ. ರೇಸ್ ಟ್ರ್ಯಾಕಿನ ಪಕ್ಕ ಆಡುವ ನಮ್ಮ ಮೈಸೂರಿನವರು ಹೊರ ಊರಿನ ಅತಿಥಿಗಳಿಗೆ ಇದನ್ನು ಮೊದಲ ಟೀಯಲ್ಲೇ ಹೇಳಿಬಿಡಬೇಕು. ಕೊಡಗಿನಲ್ಲಿ ಕಾಫಿ ತೋಟದ ಅಂಚು ಔಟ್ ಆಫ್ ಬೌಂಡ್ಸೋ (ಗಡಿಯ ಹೊರಗೋ) ಅಲ್ಲವೋ ಅನ್ನುವುದೂ ಇಂಥದ್ದೇ ಪ್ರಶ್ನೆ.

ಗೂಟಗಳ ಬಣ್ಣವೂ ಹಾಗೆ. ಬಿಳಿ ಗೂಟ ಗಡಿ. ಅದನ್ನು ಕಿತ್ತು ಪಕ್ಕಕ್ಕಿಟ್ಟು ಆಡಿದರೆ ಸ್ಟ್ರೋಕ್ ಪ್ಲೇನಲ್ಲಿ ಎರಡು ಪೆನಾಲ್ಟಿ. ಕೆರೆಯಂಥ ಪೆನಾಲ್ಟಿ ಜಾಗದ ಅಂಚು ತೋರಿಸುವ ಕೆಂಪು, ಹಳದಿ ಗೂಟ ಸುಲಭವಾಗಿ ಬರುವಂತಿದ್ದರೆ ಧಾರಾಳವಾಗಿ ಕೀಳಬಹುದು, ಆಡಿದ ಮೇಲೆ ವಾಪಸ್ ನೆಡಿ. ತುಂಬಾ ಜನ ಬಿಳಿ ಗೂಟಕ್ಕೂ ಇದೇ ಅಂದುಕೊಂಡಿದ್ದಾರೆ.

ಇನ್ನು ಎರಡು ವಿಷಯ ಚೀಟಿಯಲ್ಲಿ ಹುಡುಕಿ. ಒಂದು, ಮಳೆಗಾಲದಲ್ಲಿ ಫೇರ್‌ವೇ (ಹುಲ್ಲು ಗಿಡ್ಡಕ್ಕೆ ಕತ್ತರಿಸಿದ ಮುಖ್ಯ ದಾರಿ) ಮೇಲೆ ಬಾಲ್ ಎತ್ತಿ ಒರೆಸಿ ಇಡಲು ಅವಕಾಶ ಇದೆಯೇ. ಎರಡು, ಬಾಲ್ ಕಳೆದುಹೋದರೆ ಅಥವಾ ಹೊರಗೆ ಹೋದರೆ ಟೀಗೆ ವಾಪಸ್ ನಡೆಯುವ ಬದಲು ಎರಡು ಪೆನಾಲ್ಟಿ ಕೊಟ್ಟು ಫೇರ್‌ವೇ ಅಂಚಿನಲ್ಲಿ ಡ್ರಾಪ್ ಮಾಡುವ ನಿಯಮ ಅಲ್ಲಿ ಇದೆಯೇ. ಇದ್ದರೆ ಮಾತ್ರ ಬಳಸಿ. ನಮ್ಮ ಕ್ಲಬ್ಬಿನಲ್ಲಿದೆ ಅಂತ ಅಲ್ಲಿ ಬಳಸಲು ಬರುವುದಿಲ್ಲ.

ಜಗಳ ಹುಟ್ಟುವ ಜಾಗಗಳು

ಈಗ ಮೈದಾನಕ್ಕೆ ಬರೋಣ. 2019ರಲ್ಲಿ ನಿಯಮಗಳು ತುಂಬಾ ಬದಲಾದವು, 2023ರಲ್ಲಿ ಮತ್ತೆ ಸ್ವಲ್ಪ. ಹಿರಿಯ ಆಟಗಾರರ ನೆನಪಿನಲ್ಲಿ ಇನ್ನೂ ಹಳೆಯದೇ ಇರುತ್ತದೆ. ಅರ್ಧ ವಾದ ಹುಟ್ಟುವುದು ಅಲ್ಲಿಂದಲೇ. ಬಾಲ್ ಹುಡುಕಲು ಈಗ 5 ನಿಮಿಷ ಇಲ್ಲ, 3 ನಿಮಿಷ ಮಾತ್ರ. ಡ್ರಾಪ್ ಭುಜದ ಎತ್ತರದಿಂದ ಅಲ್ಲ, ಮಂಡಿ ಎತ್ತರದಿಂದ. ತೂತಿನಲ್ಲಿ ಫ್ಲ್ಯಾಗ್ ಇಟ್ಟುಕೊಂಡೇ ಪಟ್ ಮಾಡಬಹುದು, ಬಾಲ್ ಅದಕ್ಕೆ ತಗುಲಿದರೆ ಪೆನಾಲ್ಟಿ ಇಲ್ಲ. ಹುಡುಕುವಾಗ ಕಾಲು ತಗುಲಿ ಬಾಲ್ ಸರಿದರೆ ಪೆನಾಲ್ಟಿ ಇಲ್ಲ, ಇದ್ದ ಜಾಗಕ್ಕೇ ಇಡಬೇಕು. ಬಂಕರಿನಲ್ಲಿ (ಮರಳು ಗುಂಡಿಯಲ್ಲಿ) ಒಣಗಿದ ಎಲೆ, ಕಲ್ಲು ತೆಗೆಯಬಹುದು, ಆದರೆ ಬಾಲ್ ಅಲುಗಬಾರದು, ಪ್ರಾಕ್ಟೀಸ್ ಸ್ವಿಂಗಿನಲ್ಲಿ ಮರಳು ಮುಟ್ಟಬಾರದು.

ಕೆರೆ ಕಡೆ ಹೋದ ಬಾಲಿನ ವಿಷಯಕ್ಕೆ ಬರೋಣ. ಇಲ್ಲಿ ಮೊದಲ ಪ್ರಶ್ನೆ ಎಲ್ಲಿ ಡ್ರಾಪ್ ಅನ್ನುವುದಲ್ಲ. ಬಾಲ್ ಗೂಟದ ಒಳಗೇ ಹೋಗಿದೆ ಅಂತ ನಮಗೆ ಗೊತ್ತಾ ಅನ್ನುವುದು. ಯಾರಾದರೂ ನೋಡಿರಬೇಕು, ಇಲ್ಲವೇ ಹೆಚ್ಚುಕಡಿಮೆ ಖಚಿತ ಆಗಿರಬೇಕು. ನೂರಕ್ಕೆ 95 ಅನ್ನುವಷ್ಟು. ಪಕ್ಕದಲ್ಲಿ ಎತ್ತರದ ಹುಲ್ಲೂ ಇದ್ದು, ಬಾಲ್ ಅಲ್ಲಿ ಸಿಕ್ಕಿಕೊಂಡಿರಬಹುದು ಅನ್ನಿಸಿದರೆ ಅದು ಖಚಿತ ಅಲ್ಲ. ಆಗ ಬಾಲ್ ಕಳೆದುಹೋದ ಲೆಕ್ಕ, ಒಂದು ಪೆನಾಲ್ಟಿ ಜೊತೆಗೆ ಹಿಂದಿನ ಜಾಗಕ್ಕೆ ನಡೆಯಬೇಕು. ಖಚಿತ ಇದ್ದರೆ ಒಂದು ಪೆನಾಲ್ಟಿ ಕೊಟ್ಟು ರಿಲೀಫ್. ಹಳದಿ ಗೂಟಕ್ಕೆ ಎರಡು ದಾರಿ: ಹಿಂದೆ ಆಡಿದ ಜಾಗದಿಂದಲೇ ಮತ್ತೆ ಆಡುವುದು, ಅಥವಾ ಬಾಲ್ ಗಡಿ ದಾಟಿದ ಜಾಗ ಮತ್ತು ಫ್ಲ್ಯಾಗ್ ಸೇರಿಸಿ ಎಳೆದ ಗೆರೆಯಲ್ಲಿ ಹಿಂದಕ್ಕೆ ಹೋಗಿ ಡ್ರಾಪ್ ಮಾಡುವುದು. ಕೆಂಪು ಗೂಟಕ್ಕೆ ಈ ಎರಡರ ಜೊತೆ ಮೂರನೆಯದೂ ಇದೆ: ದಾಟಿದ ಜಾಗದಿಂದ ಎರಡು ಕ್ಲಬ್ ಉದ್ದದೊಳಗೆ, ಹೋಲ್‌ಗೆ ಹತ್ತಿರ ಆಗದ ಹಾಗೆ. ಅಳೆಯುವುದು ನಿಮ್ಮ ಬ್ಯಾಗಿನ ಅತಿ ಉದ್ದದ ಕ್ಲಬ್‌ನಿಂದ, ಪಟ್ ಮಾಡುವ ಪಟರ್ ಬಿಟ್ಟು.

ಬಾಲ್ ಕಳೆದುಹೋಗಿರಬಹುದು ಅನ್ನುವ ಅನುಮಾನ ಇದ್ದಾಗ ಟೀಯಲ್ಲೇ ತಾತ್ಕಾಲಿಕವಾಗಿ ಇನ್ನೊಂದು ಬಾಲ್ ಆಡಿ. ಆದರೆ "ಪ್ರೊವಿಷನಲ್ ಆಡ್ತಿದೀನಿ" ಅಂತ ಬಾಯಿಬಿಟ್ಟು ಹೇಳಲೇಬೇಕು. ಹೇಳದೆ ಆಡಿದರೆ ಎರಡನೇ ಬಾಲೇ ಆಟದ ಬಾಲ್. ಮೊದಲನೆಯದು ಫೇರ್‌ವೇ ಮಧ್ಯೆ ಸಿಕ್ಕಿದರೂ ಪ್ರಯೋಜನ ಇಲ್ಲ. "ಇನ್ನೊಂದು ಹೊಡೆದುಬಿಡ್ತೀನಿ" ಅಂದರೆ ಸಾಲದು.

ಮಳೆ ನಿಂತ ಮೇಲಿನ ನೀರು ಇನ್ನೊಂದು ದೊಡ್ಡ ವಿಷಯ. ಫೇರ್‌ವೇನಲ್ಲಿ ಬಾಲ್ ನೀರಿನಲ್ಲಿದ್ದರೆ, ಅಥವಾ ನೀವು ನಿಲ್ಲುವ ಜಾಗದಲ್ಲಿ ನೀರು ಇದ್ದರೆ ಪುಕ್ಕಟೆ ರಿಲೀಫ್. ನೀರು ಪೂರ್ತಿ ತಪ್ಪುವ ಅತಿ ಹತ್ತಿರದ ಜಾಗ ಹುಡುಕಿ, ಅಲ್ಲಿಂದ ಒಂದು ಕ್ಲಬ್ ಉದ್ದ. ಆ ಅತಿ ಹತ್ತಿರದ ಜಾಗ ಪೊದೆಯ ಕಡೆ ಇದ್ದರೆ ಅದೇ ಜಾಗ, ಚೆನ್ನಾಗಿರುವ ಕಡೆ ಅಲ್ಲ. ಅದಕ್ಕೇ ಬಾಲ್ ಎತ್ತುವ ಮೊದಲು ನೋಡಿಕೊಳ್ಳಿ. ಸುಮ್ನೆ ನಿಂತಾಗ ನೀರು ಕಾಣಬೇಕು. ಕಾಲಿನಿಂದ ಒತ್ತಿ ಒತ್ತಿ ನೀರು ಬರಿಸಿದರೆ ಲೆಕ್ಕಕ್ಕಿಲ್ಲ. ಬರೀ ಕೆಸರಿಗೆ ರಿಲೀಫ್ ಇಲ್ಲ. ಆದರೆ ಬಿದ್ದ ಏಟಿಗೆ ಬಾಲ್ ತನ್ನದೇ ಗುಳಿಯಲ್ಲಿ ಹೂತಿದ್ದರೆ ಪುಕ್ಕಟೆ ಎತ್ತಬಹುದು, ಬಂಕರಿನಲ್ಲೂ ಕೆಂಪು, ಹಳದಿ ಗೂಟದ ಒಳಗೂ ಈ ಅವಕಾಶ ಇಲ್ಲ. ಊಟಿಯ ಬೆಳಗಿನ ಇಬ್ಬನಿ, ಹೆಪ್ಪುಗಟ್ಟಿದ ಇಬ್ಬನಿ ಎರಡೂ ನೀರಿನ ಲೆಕ್ಕಕ್ಕೆ ಬರುವುದಿಲ್ಲ. ಬಂಕರ್ ಪೂರ್ತಿ ನೀರಾಗಿದ್ದರೆ ಅದರೊಳಗೇ ನೀರು ಅತಿ ಕಡಿಮೆ ಇರುವ ಜಾಗದಲ್ಲಿ ಪುಕ್ಕಟೆ, ಹೊರಗೆ ಬರಬೇಕೆಂದರೆ ಒಂದು ಪೆನಾಲ್ಟಿ.

ಇನ್ನು ಪ್ರಾಣಿಗಳು. ನಮ್ಮ ಕಡೆಯ ಮೈದಾನಗಳಲ್ಲಿ ಇದು ಪುಸ್ತಕದ ಪ್ರಶ್ನೆ ಅಲ್ಲ, ನಿಜವಾಗಿಯೂ ಬರುತ್ತದೆ. ನಿಂತಿದ್ದ ಬಾಲನ್ನು ನಾಯಿ, ಕಾಗೆ ಅಥವಾ ಕೋತಿ ಎತ್ತಿಕೊಂಡು ಹೋಯಿತು. ಪೆನಾಲ್ಟಿ ಇಲ್ಲ. ಇನ್ನೊಂದು ಬಾಲನ್ನು ಮೊದಲಿದ್ದ ಜಾಗದಲ್ಲಿ ಇಡಿ, ಸರಿಯಾದ ಜಾಗ ಗೊತ್ತಿಲ್ಲದಿದ್ದರೆ ಅಂದಾಜು ಮಾಡಿ. ಆದರೆ ಎತ್ತಿಕೊಂಡು ಹೋಗಿದ್ದನ್ನು ಯಾರಾದರೂ ನೋಡಿರಬೇಕು, ಇಲ್ಲವೇ ಹೆಚ್ಚುಕಡಿಮೆ ಖಚಿತ ಆಗಿರಬೇಕು. "ಇಲ್ಲೇ ಇರ್ಬೇಕಿತ್ತು, ಕಾಗೆನೇ ತಗೊಂಡಿರ್ಬೇಕು" ಅನ್ನುವುದು ಸಾಲದು. ಹಾರುತ್ತಿರುವ ಬಾಲ್ ನಾಯಿಗೆ ತಗುಲಿ ತಿರುಗಿದರೆ ನಿಂತ ಕಡೆಯಿಂದ ಆಡಿ. ತೂತಿನ ಸುತ್ತಲಿನ ಗ್ರೀನ್ ಮೇಲೆ ಪಟ್ ಮಾಡಿದ ಬಾಲ್ ಅಲ್ಲೇ ಇದ್ದ ನಾಯಿಗೆ ತಗುಲಿದರೆ ಆ ಸ್ಟ್ರೋಕ್ ಲೆಕ್ಕಕ್ಕಿಲ್ಲ, ಮತ್ತೆ ಆಡಬೇಕು.

ಬಾಲ್ ಪಕ್ಕ ನಾಗರಹಾವು ಇದ್ದರೆ, ಅಥವಾ ಜೇನುಗೂಡು ಇದ್ದರೆ, ಧೈರ್ಯ ತೋರಿಸಬೇಡಿ. ಅಪಾಯಕಾರಿ ಪ್ರಾಣಿಯ ಹತ್ತಿರದಿಂದ ದೂರ ಬರಲು ನಿಯಮ 16.2 ಪುಕ್ಕಟೆ ರಿಲೀಫ್ ಕೊಡುತ್ತದೆ. ಹಾವು ಹೋಗುವವರೆಗೆ ಕಾಯಬೇಕು ಅಂತ ಯಾರೂ ಒತ್ತಾಯ ಮಾಡುವ ಹಾಗಿಲ್ಲ. ಮುಳ್ಳಿನ ಗಿಡಕ್ಕೆ ಮಾತ್ರ ಈ ಸೌಲಭ್ಯ ಇಲ್ಲ. ಹೆಗ್ಗಣದ ಬಿಲಕ್ಕೆ ಪುಕ್ಕಟೆ ರಿಲೀಫ್ ಇದೆ, ಇರುವೆ ಗೂಡಿನ ತೂತಿಗೆ ಇಲ್ಲ. ಆದರೆ ಇರುವೆ ಕೂಡಿಹಾಕಿದ ಸಡಿಲ ಮಣ್ಣನ್ನು ಕೈಯಿಂದ ತೆಗೆಯಬಹುದು, ಬಾಲ್ ಅಲುಗದಂತೆ.

ಬಾಲ್ ಮರದ ಕೊಂಬೆಯಲ್ಲಿ ಸಿಕ್ಕಿಕೊಂಡರೆ ಅದು ನಿಮ್ಮದೇ ಅಂತ ಗುರುತಿಸಬೇಕು. ಅದಕ್ಕೇ ಬಾಲ್ ಮೇಲೆ ಮಾರ್ಕರ್ ಪೆನ್ನಿನಿಂದ ನಿಮ್ಮದೇ ಗುರುತು ಹಾಕಿ. ಗುರುತು ಸಿಕ್ಕರೆ ಒಂದು ಪೆನಾಲ್ಟಿಗೆ ಅದರ ನೇರ ಕೆಳಗಿನ ನೆಲದಿಂದ ಎರಡು ಕ್ಲಬ್ ಉದ್ದ. ಗುರುತಿಸಲು ಆಗದಿದ್ದರೆ ಅದು ಕಳೆದುಹೋದ ಬಾಲ್.

ಒಮ್ಮತ ಬರದಿದ್ದರೆ: ಎರಡು ಬಾಲ್

ಇಷ್ಟು ಓದಿದ ಮೇಲೂ ಯಾವುದೋ ಒಂದು ಹೋಲ್‌ನಲ್ಲಿ ಇಬ್ಬರಿಗೆ ಎರಡು ಅಭಿಪ್ರಾಯ ಬರುತ್ತದೆ. ಅಲ್ಲಿ ನಿಂತು ವಾದ ಮಾಡುವ ಅಗತ್ಯವೇ ಇಲ್ಲ. ನಿಯಮ 20.1ಸಿ ಇದಕ್ಕೇ ಇದೆ. ಸ್ಟ್ರೋಕ್ ಪ್ಲೇನಲ್ಲಿ ಅನುಮಾನ ಬಂದರೆ ಆ ಹೋಲನ್ನು ಎರಡು ಬಾಲಿನಿಂದ ಮುಗಿಸಬಹುದು. ಸ್ಟೇಬಲ್‌ಫೋರ್ಡ್ ಕೂಡ ಸ್ಟ್ರೋಕ್ ಪ್ಲೇನದೇ ಒಂದು ಬಗೆ, ಅದರಲ್ಲೂ ನಡೆಯುತ್ತದೆ.

ಮಾಡುವ ಕ್ರಮ ಸರಿಯಾಗಿರಬೇಕು. ಅನುಮಾನ ಬಂದ ತಕ್ಷಣ, ಇನ್ನೊಂದು ಸ್ಟ್ರೋಕ್ ಆಡುವ ಮೊದಲೇ ತೀರ್ಮಾನ ಮಾಡಿ. "ಎರಡು ಬಾಲ್ ಆಡ್ತೀನಿ, ನಿಯಮ ಒಪ್ಪಿದರೆ ಡ್ರಾಪ್ ಮಾಡಿದ ಬಾಲ್ ನನ್ನ ಲೆಕ್ಕಕ್ಕೆ" ಅಂತ ನಿಮ್ಮ ಕಾರ್ಡ್ ಬರೆಯುವವರಿಗೆ ಹೇಳಿ. ಹೇಳದಿದ್ದರೆ ಮೊದಲು ಆಡಿದ ಬಾಲೇ ನೀವು ಆರಿಸಿದ ಬಾಲ್ ಅಂತ ಆಗುತ್ತದೆ. ಬಾಲ್ ಎತ್ತುವ ಮೊದಲು ಅದು ಬಿದ್ದಿರುವ ಜಾಗದ ಫೋಟೊ ತೆಗೆಯಿರಿ. ಎರಡೂ ಸ್ಕೋರ್ ಬರೆದುಕೊಳ್ಳಿ. ಕಾರ್ಡ್ ಕೊಡುವ ಮೊದಲು ಕಮಿಟಿಗೆ (ಆಟ ನಡೆಸುವವರಿಗೆ) ತಿಳಿಸಿ. ಎರಡೂ ಬಾಲಿನಲ್ಲಿ ಒಂದೇ ಸ್ಕೋರ್ ಬಂದಿದ್ದರೂ ತಿಳಿಸಲೇಬೇಕು, ಇಲ್ಲದಿದ್ದರೆ ಡಿಸ್‌ಕ್ವಾಲಿಫೈ.

ಗೆಳೆಯರ ಪ್ರವಾಸದಲ್ಲಿ ಕಮಿಟಿ ಎಲ್ಲಿ ಅಂತೀರಾ? ಹೊರಡುವ ಮೊದಲೇ ಒಬ್ಬರನ್ನು ಗೊತ್ತುಮಾಡಿ. ಚೆನ್ನಾಗಿ ಆಡುವವರೇ ಆಗಬೇಕಿಲ್ಲ, ಸಮಾಧಾನದಿಂದ ಓದಿ ಹೇಳುವವರಾದರೆ ಸಾಕು. ಅವರದೇ ಬಾಲಿನ ವಿಷಯ ಬಂದಾಗ ತೀರ್ಪು ಹೇಳಲು ಇನ್ನೊಬ್ಬರಿರಲಿ. ಗಾಲ್ಫ್ ನಿಯಮ ರೂಪಿಸುವ ಆರ್ ಅಂಡ್ ಎ ಸಂಸ್ಥೆಯ ನಿಯಮಗಳ ಆಪ್ ಪುಕ್ಕಟೆ ಸಿಗುತ್ತದೆ, ಫೋನಿಗೆ ಹಾಕಿಕೊಳ್ಳಿ. ಮೈದಾನದಲ್ಲಿ ಫೋನ್ ಬಳಸಲು ಬಿಡುತ್ತಾರೆಯೇ ಅಂತ ಕ್ಲಬ್ಬಿಗೆ ಕೇಳಿಕೊಳ್ಳಿ. ತೀರ್ಮಾನ ಸಂಜೆ, ಕಾಫಿ ಕುಡಿಯುವಾಗ ಆಗಲಿ.

ಮ್ಯಾಚ್ ಪ್ಲೇನಲ್ಲಿ ಎರಡು ಬಾಲ್ ಆಡುವಂತಿಲ್ಲ. ಅಲ್ಲಿ ಇಬ್ಬರೂ ಒಂದು ತೀರ್ಮಾನಕ್ಕೆ ಬರಬೇಕು, ಇಲ್ಲವೇ ಇದರ ಬಗ್ಗೆ ಆಮೇಲೆ ತೀರ್ಪು ಕೇಳುತ್ತೇನೆ ಅಂತ ಆಗಲೇ ಹೇಳಿ ಆಟ ಮುಂದುವರಿಸಬೇಕು.

ಹೊರಡುವ ದಿನ

ನಾಲ್ಕು ಜನ, ನಾಲ್ಕು ಗಾಲ್ಫ್ ಬ್ಯಾಗ್, ಮೇಲೆ ಬಟ್ಟೆ ಚೀಲ. ಚಿಕ್ಕ ಕಾರಿನ ಡಿಕ್ಕಿಯಲ್ಲಿ ಎರಡು ಬ್ಯಾಗ್ ಹಿಡಿದರೆ ಹೆಚ್ಚು. ಹಿಂದಿನ ಸೀಟು ಮಡಚುವ ಇನ್ನೋವಾ ತರಹದ ಗಾಡಿ ಮಾಡಿಕೊಳ್ಳಿ. ಬ್ಯಾಗಿನಲ್ಲಿ 14 ಕ್ಲಬ್‌ಗಿಂತ ಜಾಸ್ತಿ ಇರಬಾರದು. ಕಾಲರ್ ಇರುವ ಟೀ ಶರ್ಟ್ ಹಾಕಿ, ಜೀನ್ಸ್ ಬೇಡ, ಮೆತ್ತನೆ ಸ್ಪೈಕಿನ ಶೂ ಇರಲಿ. ಕೊಡಗು, ಊಟಿಗೆ ಬಾಲ್ ಒಂದು ಡಜನ್ ಜಾಸ್ತಿಯೇ ಇಟ್ಟುಕೊಳ್ಳಿ.

ಬ್ಯಾಗ್ ಹೊರುವ ಕ್ಯಾಡಿಗೆ ಎಷ್ಟು ಅಂತ ಕ್ಲಬ್ಬಿನಲ್ಲಿ ಕೇಳಿ, ನಗದು ಚಿಲ್ಲರೆ ಜೊತೆಗಿರಲಿ. ಆ ಮೈದಾನ ಅವರಿಗೆ ಗೊತ್ತಿರುವಷ್ಟು ನಿಮಗೆ ಗೊತ್ತಿರುವುದಿಲ್ಲ. "ಅಣ್ಣ, ಬಾಲ್ ಎಲ್ಲಿ ದಾಟ್ತು?" ಅಂತ ಕೇಳಿ, ಅವರು ತೋರಿಸಿದ ಜಾಗಕ್ಕೆ ಬೆಲೆ ಕೊಡಿ. ಆದರೆ ನಿಯಮದ ತೀರ್ಪನ್ನು ಅವರ ತಲೆಗೆ ಕಟ್ಟಬೇಡಿ. ಅತಿಥಿಗಳು ಒತ್ತಾಯ ಮಾಡಿದರೆ ಅವರು ಒಪ್ಪಿಕೊಂಡುಬಿಡುತ್ತಾರೆ, ಅದು ಅವರಿಗೂ ಕಷ್ಟ. ಗುಡುಗು ಮಿಂಚು ಕಂಡರೆ ಯಾರ ಅಪ್ಪಣೆಗೂ ಕಾಯದೆ ಆಟ ನಿಲ್ಲಿಸಿ. ನಿಯಮವೇ ಅದಕ್ಕೆ ಒಪ್ಪಿಗೆ ಕೊಟ್ಟಿದೆ.

ಆಟ ಮುಗಿದ ಮೇಲೆ ಕಾರ್ಡನ್ನು ಹೋಲ್ ಹೋಲ್ ಓದಿ ಹೇಳಿ, ಇಬ್ಬರೂ ಸಹಿ ಹಾಕಿ. ಸ್ಟ್ರೋಕ್ ಪ್ಲೇನಲ್ಲಿ ಯಾವುದಾದರೂ ಹೋಲ್‌ಗೆ ಇರುವುದಕ್ಕಿಂತ ಕಡಿಮೆ ಬರೆದು ಕೊಟ್ಟರೆ ಡಿಸ್‌ಕ್ವಾಲಿಫೈ, ಜಾಸ್ತಿ ಬರೆದಿದ್ದರೆ ಆ ಜಾಸ್ತಿಯೇ ಉಳಿಯುತ್ತದೆ. ಊಟಿಯಿಂದ ಅದೇ ದಿನ ಮೈಸೂರಿಗೆ ವಾಪಸ್ ಬರುವುದಾದರೆ ಬೆಳಗಿನ ಮೊದಲ ಟೀ ಟೈಮ್ ಕೇಳಿ. ಎರಡು ಬಾಲಿನ ತೀರ್ಪು, ಊಟ, ಕ್ಯಾಡಿ ಲೆಕ್ಕ ಎಲ್ಲ ಮುಗಿಸಿ ಮಧ್ಯಾಹ್ನ 3ರೊಳಗೆ ಗಾಡಿ ಹತ್ತಿದರೆ ಬಂಡೀಪುರದ ಗೇಟನ್ನು ಬೆಳಕಿರುವಾಗಲೇ ದಾಟಬಹುದು.